ಜಾಡಿಯೊಳಗಿನ ಸೂರ್ಯನಿಗೆ ಐವತ್ತು ಲಕ್ಷ ಡಾಲರ್

ವಿಜ್ಞಾನಕ್ಕೆ ಜಾತಿಯಿಲ್ಲ ಅಂತ ನಮ್ಮ ಮೇಷ್ಟ್ರುಗಳು ಹೇಳ್ತಾರೆ. ಇರಲಿ, ಒಪ್ಪೋಣ. ಆದರೆ ವಿಜ್ಞಾನದ ಹೆಸರಲ್ಲಿ ಸುರಿಯುವ ದುಡ್ಡಿಗೆ? ಯಾರ ಮಾತನ್ನು ಪುರಾವೆಯಿಲ್ಲದೆ ನಂಬಬೇಕು, ಯಾರ ಹೆಣವನ್ನೂ ಪುರಾವೆ ಎಂದು ಒಪ್ಪಬಾರದು ಎಂದು ತೀರ್ಮಾನಿಸುವ ಪ್ರಭುತ್ವಕ್ಕೆ? ಅಮೆರಿಕದ ಯೂಟಾ ರಾಜ್ಯದ ಒಂದು ಕಥೆಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

1989ರ ಮಾರ್ಚ್ 23. ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಷ್‌ಮನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಕರ್ತರನ್ನು ಕರೆದರು. ಭಾರಜಲ ತುಂಬಿದ ಗಾಜಿನ ಜಾಡಿಯಲ್ಲಿ ಪೆಲಾಡಿಯಂ ಕಡ್ಡಿ ಇಳಿಬಿಟ್ಟು ವಿದ್ಯುತ್ ಹಾಯಿಸಿದರೆ ಸೂರ್ಯನೊಳಗೆ ನಡೆಯುವಂಥ ಪರಮಾಣು ಬೆಸುಗೆ ಮೇಜಿನ ಮೇಲೇ ನಡೆಯುತ್ತದೆ ಎಂದರು. ಹೊಗೆಯಿಲ್ಲ, ಗಣಿಯಿಲ್ಲ, ಸಮುದ್ರದ ನೀರೇ ಸೌದೆ! ಬೇರೆ ವಿಜ್ಞಾನಿಗಳು ಪರೀಕ್ಷಿಸಿ ನೋಡಲು ಬೇಕಾದ ವಿವರ ಇನ್ನೂ ಅಚ್ಚಾಗಿರಲಿಲ್ಲ. ಹದಿನೈದೇ ದಿನಕ್ಕೆ, ಏಪ್ರಿಲ್ 7ರಂದು, ಯೂಟಾದ ಶಾಸನಸಭೆ ವಿಶೇಷ ಅಧಿವೇಶನ ಸೇರಿ 50 ಲಕ್ಷ ಡಾಲರ್ ಮಂಜೂರು ಮಾಡಿತು.

ಅದು ಸಾಲದೆಂದು ಏಪ್ರಿಲ್ 26ಕ್ಕೆ ಇವರ ದಂಡು ವಾಷಿಂಗ್ಟನ್ನಿಗೆ ಹೋಯಿತು. ಸಂಸತ್ತಿನ ವಿಜ್ಞಾನ ಸಮಿತಿಯ ಮುಂದೆ ಕೇಳಿದ್ದು ಎರಡೂವರೆ ಕೋಟಿ ಡಾಲರ್. ಆವತ್ತಿನ ಸಾಕ್ಷ್ಯಗಳನ್ನು ನಾನೊಂದು ಸಾಹಿತ್ಯ ಕೃತಿ ಎಂದೇ ಓದುತ್ತೇನೆ, ಯಾಕಂದ್ರೆ ಅಲ್ಲಿ ವಿಜ್ಞಾನಕ್ಕಿಂತ ಕಥನವೇ ಹೆಚ್ಚು. ವಿಶ್ವವಿದ್ಯಾಲಯದ ಅಧ್ಯಕ್ಷ ಚೇಸ್ ಪೀಟರ್ಸನ್ ಜೊತೆಗೆ ಐರಾ ಮ್ಯಾಗಜೀನರ್ ಎಂಬ ವ್ಯಾಪಾರ ಸಲಹೆಗಾರನಿದ್ದ. ಆತ ವಿಜ್ಞಾನಿಯಲ್ಲ. ಈ ಶೋಧ ದಿಟವೋ ಸುಳ್ಳೋ ಎಂಬುದಕ್ಕೆ ಅವನು ಕೈ ಹಾಕಲೇ ಇಲ್ಲ. ಕಾಯುತ್ತಾ ಕೂತರೆ ಜಪಾನಿನವರು ಹೊಡ್ಕೊಂಡು ಹೋಗ್ತಾರೆ, ನಮ್ಮ ಮಕ್ಕಳ ಗತಿಯೇನು — ಇದು ಅವನ ವಾದದ ತಿರುಳು. ನೋಡಿ ಚಮತ್ಕಾರ: 'ಇದು ನಿಜವೇ?' ಎಂಬ ಪ್ರಶ್ನೆಯನ್ನು ಮೆಲ್ಲಗೆ ಬದಿಗೆ ಸರಿಸಿ 'ನೀನು ದೇಶಭಕ್ತನೇ?' ಎಂಬ ಪ್ರಶ್ನೆಯನ್ನು ಅಲ್ಲಿ ಕೂರಿಸುವುದು. ಈ ವಿದ್ಯೆ ನಮಗೇನು ಹೊಸದಲ್ಲ.

ಕಥನ ಕುಸಿಯಲು ತಡವಾಗಲಿಲ್ಲ. ಮೇ 1ರಂದು ಬಾಲ್ಟಿಮೋರಿನಲ್ಲಿ ಭೌತವಿಜ್ಞಾನಿಗಳು ಅದನ್ನು ಬಿಡಿಸಿ ಹಾಕಿದರು. ನವೆಂಬರಿನಲ್ಲಿ ಕೇಂದ್ರದ ಇಂಧನ ಇಲಾಖೆಯ ತಂಡ ಇದಕ್ಕೆ ವಿಶೇಷ ಹಣ ಬೇಡವೆಂದಿತು. ಯೂಟಾದಲ್ಲಿ ತೆರೆದ ಸಂಸ್ಥೆ ಸೊರಗುತ್ತಾ ಬಂತು. ಅದಕ್ಕೆ ಅನಾಮಿಕ ದಾನಿಯೊಬ್ಬರು 5 ಲಕ್ಷ ಡಾಲರ್ ಕೊಟ್ಟರು ಎಂದು ಹೇಳಿದ್ದೂ ವಿಶ್ವವಿದ್ಯಾಲಯದ್ದೇ ದುಡ್ಡೆಂದು 1990ರಲ್ಲಿ ಬಯಲಾಯಿತು. ಬಲಗೈ ಎಡಗೈಗೆ ದಾನ ಮಾಡಿದ ಹಾಗೆ! 1991ರಲ್ಲಿ ಸಂಸ್ಥೆಗೆ ಬೀಗ ಬಿತ್ತು. ನಮ್ಮ ಭಾಭಾ ಪರಮಾಣು ಕೇಂದ್ರದಲ್ಲೂ ಪಿ.ಕೆ. ಅಯ್ಯಂಗಾರರ ಹುಮ್ಮಸ್ಸಿನಲ್ಲಿ ಈ ಜಾಡಿಗಳನ್ನು ಹೂಡಿದ್ದುಂಟು. ಹುಡುಕುವುದು ತಪ್ಪಲ್ಲ. ಹುಡುಕುವವನು ಸೋಲಲೂಬಹುದು, ನನ್ನ ತಕರಾರು ಅದರ ಮೇಲಲ್ಲ.

ತಕರಾರು ಇಲ್ಲಿದೆ. ಅವರು ಹೇಳಿದಷ್ಟು ಶಾಖ ಅವರು ಹೇಳಿದ ಬೆಸುಗೆಯಿಂದಲೇ ಬಂದಿದ್ದರೆ, ಹೊಮ್ಮುವ ನ್ಯೂಟ್ರಾನುಗಳಿಂದ ಜಾಡಿಯ ಪಕ್ಕ ನಿಂತವರು ಸತ್ತೇ ಹೋಗಬೇಕಿತ್ತು ಎಂದು ಭೌತವಿಜ್ಞಾನಿಗಳು ಆಗಲೇ ಕೇಳಿದ್ದರು. ಯಾರೂ ಸಾಯಲಿಲ್ಲ. ಪ್ರಯೋಗಶಾಲೆಯವರ ಗಟ್ಟಿಮುಟ್ಟು ಮೈಯೇ ಅವರ ವಿರುದ್ಧದ ಸಾಕ್ಷಿ. ಆದರೂ ದುಡ್ಡು ಸಿಕ್ಕಿತು.

ಅದೇ ಸೀಮೆಯಲ್ಲಿ ನಿಜವಾದ ವಿಕಿರಣ ತಿಂದು ಸತ್ತವರಿದ್ದರು. ನೆವಾಡಾದ ಬಾಂಬು ಪರೀಕ್ಷೆಗಳ ಬೂದಿ ಯೂಟಾದ ದಕ್ಷಿಣದ ಹಳ್ಳಿಗಳ ಮೇಲೆ ಸುರಿದಿತ್ತು. ಅವರ ಮೊಕದ್ದಮೆ ನಡೆದದ್ದೂ ಇದೇ ಸಾಲ್ಟ್ ಲೇಕ್ ಸಿಟಿಯಲ್ಲಿ. 1984ರಲ್ಲಿ ನ್ಯಾಯಾಧೀಶರು ಹತ್ತು ಮಂದಿಯ ಪರ ತೀರ್ಪಿತ್ತರೆ 1987ರಲ್ಲಿ ಮೇಲಿನ ಕೋರ್ಟು ಅದನ್ನು ಹೊಡೆದುಹಾಕಿತು. ಸರ್ಕಾರವನ್ನು ಹಾಗೆಲ್ಲ ಹೊಣೆ ಮಾಡಲು ಬರುವುದಿಲ್ಲವಂತೆ! 1988ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ. ಜಾಡಿಯ ಪತ್ರಿಕಾಗೋಷ್ಠಿ ನಡೆದದ್ದು ಮರುವರ್ಷ.

ಇನ್ನು ನವಾಹೊ ಜನ. ಆ ನೆಲದ ಮೂಲನಿವಾಸಿಗಳು. 1944ರಿಂದ 1986ರವರೆಗೆ ಅವರ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ಎತ್ತಿದರು. ಗಾಳಿಯಾಡದ ಗಣಿಯೊಳಗೆ ಇಳಿದವರು ಅವರು. ಸಂಜೆ ಅದೇ ದೂಳು ಮೆತ್ತಿದ ಬಟ್ಟೆಯಲ್ಲಿ ಮನೆಗೆ ಬಂದು ಮಕ್ಕಳನ್ನು ಎತ್ತಿಕೊಂಡವರೂ ಅವರೇ. ಸರ್ಕಾರದ ಆರೋಗ್ಯ ಇಲಾಖೆ 1950ರಿಂದಲೇ ಗಣಿ ಕಾರ್ಮಿಕರ ಮೇಲೆ ಅಧ್ಯಯನ ನಡೆಸುತ್ತಿತ್ತು. ಲೆಕ್ಕ ಬರೆದುಕೊಂಡಿತು, ಅಪಾಯವನ್ನು ಅವರ ಕಿವಿಗೆ ಹಾಕಲಿಲ್ಲ. ಅವರ ದಾವೆಯೂ ಬಿದ್ದುಹೋಯಿತು.

ಕೇಂದ್ರದ ಪರಿಹಾರ ಕಾನೂನು ಬಂದದ್ದು 1990ರ ಅಕ್ಟೋಬರಿನಲ್ಲಿ. ಗಣಿ ಕಾರ್ಮಿಕನಿಗೆ 1 ಲಕ್ಷ ಡಾಲರ್, ಬೂದಿ ಬಿದ್ದ ಊರಿನವನಿಗೆ 50 ಸಾವಿರ. ರಾಜ್ಯದ ಖಜಾನೆ ಬೇರೆ, ಕೇಂದ್ರದ ಖಜಾನೆ ಬೇರೆ ಅಂತ ಯಾರಾದರೂ ತಗಾದೆ ತೆಗೆಯಬಹುದು. ಸರಿ, ಖಜಾನೆ ಬೇರೆ. ಕೇಳುವ ಕಿವಿ? ಪದವಿ, ಪ್ರಯೋಗಶಾಲೆ, ಸಲಹೆಗಾರ ಇದ್ದವರು ಹದಿನೈದು ದಿನದಲ್ಲಿ ಕೇಳಿಸಿಕೊಂಡರು. ಕೆಮ್ಮಿ ಕೆಮ್ಮಿ ರಕ್ತ ಕಾರಿದವರಿಗೆ ನಲವತ್ತು ವರ್ಷ ಹಿಡಿಯಿತು.

ಕಾನೂನು ಬಂದ ಮೇಲೂ ನವಾಹೊ ವಿಧವೆಯರು ಕಚೇರಿ ಬಾಗಿಲಲ್ಲಿ ನಿಲ್ಲಬೇಕಾಯ್ತು. ಗಂಡ ಗಣಿಯಲ್ಲಿ ದುಡಿದದ್ದಕ್ಕೆ ಚೀಟಿ ತಾ, ಅವನು ನಿನ್ನ ಗಂಡ ಎಂಬುದಕ್ಕೂ ಚೀಟಿ ತಾ. ಕುಲದ ಪದ್ಧತಿಯಂತೆ ಹಿರಿಯರ ಮುಂದೆ ಮದುವೆಯಾದವಳು ಯಾವ ಚೀಟಿ ತಂದಾಳು? ಅದಿರು ಅರೆಯುವ ಗಿರಣಿಯಲ್ಲಿ ದುಡಿದವರನ್ನೂ ಲಾರಿಯಲ್ಲಿ ಅದಿರು ಸಾಗಿಸಿದವರನ್ನೂ ಕಾನೂನಿನೊಳಗೆ ಸೇರಿಸಿಕೊಂಡದ್ದು 2000ದ ತಿದ್ದುಪಡಿಯಲ್ಲಿ. ಅಷ್ಟರೊಳಗೆ ಅವರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದರು.