ಚೇಂಬರಿನ ಕೆಳಗಿನ ಕೈ

ಲಾರಿಯ ಅಡಿಯಲ್ಲಿ ಗೋಣಿಚೀಲ ಹಾಸಿ ಮಲಗಿ ಡ್ರೇನ್ ಬೋಲ್ಟ್ ಬಿಚ್ಚುವವನಿಗೆ ಕೊನೆಯ ಎರಡು ಸುತ್ತು ಪಾನಾ ಕೆಲಸಕ್ಕೆ ಬರುವುದಿಲ್ಲ. ಬೆರಳಲ್ಲೇ ತಿರುಗಿಸಬೇಕು. ಥ್ರೆಡ್ ಬಿಟ್ಟ ಕೂಡಲೇ ಕರಿ ಆಯಿಲ್ ಮಣಿಕಟ್ಟಿನ ಮೇಲೆ ಬಿದ್ದು ಮೊಣಕೈಗೆ ಇಳಿಯುತ್ತದೆ, ಬೋಲ್ಟ್ ಕೈಜಾರಿ ಬಾಂಡಲಿಯ ತಳ ಸೇರುತ್ತದೆ. ಓಡಿ ಬಂದ ಎಂಜಿನ್ನಿನ ಆಯಿಲ್ 90 ಡಿಗ್ರಿ ಮೀರಿರುತ್ತದೆ. ತಣ್ಣಗಾಗಲಿ ಎಂದು ಬಿಟ್ಟರೆ ಮಸಿಯೆಲ್ಲ ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನ ತಳದಲ್ಲಿ ಕೂತು ಅಲ್ಲೇ ಉಳಿದುಬಿಡುತ್ತದೆ. ಎಂಜಿನ್ನಿಗೆ ಒಳ್ಳೆಯದಾಗಬೇಕಾದರೆ ಆಯಿಲ್ ಬಿಸಿಯಿರಬೇಕು. ಕೈಗೆ ಒಳ್ಳೆಯದಾಗಬೇಕಾದರೆ ಆರಬೇಕು. ಐಟಿಐ ಮುಗಿಸಿ ನಮ್ಮ ಗ್ಯಾರೇಜಿಗೆ ಬಂದ ಹುಡುಗನೊಬ್ಬನ ಬಲ ಮುಂಗೈ ಹೀಗೆ ಸುಟ್ಟು ಬೊಬ್ಬೆ ಎದ್ದ ಮೇಲೆಯೇ ನಾನು ಬೋಲ್ಟಿನ ಜಾಗಕ್ಕೆ ಕೂರಿಸುವ ಕ್ವಿಕ್ ಡ್ರೇನ್ ವಾಲ್ವ್ ತರಿಸಿದ್ದು. ಚಿತ್ರದುರ್ಗದ ಹೆದ್ದಾರಿ ಬದಿಯ ನಮ್ಮ ಗ್ಯಾರೇಜಿನಲ್ಲಿ ಎರಡು ಗಾಡಿಗೆ ಅದನ್ನು ಹಾಕಿ ಎರಡು ವರ್ಷ ನೋಡಿದ್ದೇನೆ. ಒಂದು ಚಳ್ಳಕೆರೆಯ ಈರುಳ್ಳಿಯನ್ನು ಯಶವಂತಪುರಕ್ಕೆ ಒಯ್ಯುವ ಲಾರಿ, ಇನ್ನೊಂದು ಜಲ್ಲಿ ಹೊರುವ ಟಿಪ್ಪರ್.

ವಾಲ್ವಿನಲ್ಲಿ ನಿಗೂಢವಾದದ್ದೇನೂ ಇಲ್ಲ. ಮನೆಯ ಓವರ್‌ಹೆಡ್ ಟ್ಯಾಂಕಿನ ಪೈಪಿಗೆ ಹಾಕುವ ಬಾಲ್ ವಾಲ್ವನ್ನೇ ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದಂತೆ: ಹಿತ್ತಾಳೆಯ ಮೈ, ನಡುವೆ ತೂತಿರುವ ಗುಂಡು, ಹೊರಗೊಂದು ಸಣ್ಣ ಹಿಡಿ. ಹಿಡಿಯನ್ನು ಸ್ಪ್ರಿಂಗ್ ಒಂದು ಕಚ್ಚಿನಲ್ಲಿ ಕೂರಿಸಿರುತ್ತದೆ. ಎಳೆದು ಕಚ್ಚು ತಪ್ಪಿಸಿ ಕಾಲು ಸುತ್ತು ತಿರುಗಿಸಿದರೆ ಆಯಿಲ್ ಇಳಿಯುತ್ತದೆ. ಈ ಬಗೆಯಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಜಪಾನಿನ ಫ್ಯುಮೊಟೊ. ಬಾಯಿಗೆ ನಿಪ್ಪಲ್ ಇರುವುದನ್ನು ಕೊಂಡರೆ ಪೈಪ್ ಸಿಕ್ಕಿಸಿ ನೇರ ಕ್ಯಾನಿಗೇ ಬಿಡಬಹುದು. ನನ್ನ ಮಾತು ಕೇಳುವುದಾದರೆ ನಿಪ್ಪಲ್ ಇರುವುದನ್ನೇ ಕೊಳ್ಳಿ.

ಮೊದಲು ‘ಕ್ವಿಕ್’ ಎಂಬ ಹೆಸರನ್ನು ನೋಡೋಣ. ಅದು ಅರ್ಧ ಸುಳ್ಳು. ವಾಲ್ವಿನ ಒಳದಾರಿ ಬೋಲ್ಟಿನ ತೂತಿಗಿಂತ ಕಿರಿದು. ಬೋಲ್ಟ್ ತೆಗೆದರೆ ಐದಾರು ನಿಮಿಷಕ್ಕೆ ನೂಲಿನಂತಾಗುವ ಧಾರೆ ಇಲ್ಲಿ ಕಾಲು ಗಂಟೆ ಹಿಡಿಯುತ್ತದೆ. ಆಯಿಲ್ ತಣ್ಣಗಿದ್ದರೆ ಇನ್ನೂ ಹೆಚ್ಚು. ಪಾನಾ ಹುಡುಕುವ, ಬೋಲ್ಟ್ ತಡಕುವ, ನೆಲ ಒರೆಸುವ ಹೊತ್ತು ಉಳಿಯುತ್ತದೆ ನಿಜ. ಆದರೆ ಫಿಲ್ಟರ್ ಬದಲಿಸಿ, ಗ್ರೀಸ್ ಹೊಡೆದು ಮುಗಿಸುವುದರೊಳಗೆ ಲೆಕ್ಕ ಸರಿಸಮವಾಗುತ್ತದೆ. ಅದೂ ಅಲ್ಲದೆ 2020ರ ನಂತರದ ಬಿಎಸ್‌-6 ಲಾರಿಗಳಿಗೆ ಹಳೆಯ ಗಾಡಿಗಳಷ್ಟು ಬೇಗಬೇಗ ಆಯಿಲ್ ಚೇಂಜ್ ಬೇಕಿಲ್ಲ. ಸಮಯದ ಆಸೆಗೆ ಇದನ್ನು ಕೊಳ್ಳುವವರು ನಿರಾಶರಾಗುತ್ತಾರೆ.

ಹಾಗಿದ್ದರೂ ಅಮೆರಿಕದಲ್ಲಿ ಡೀಸೆಲ್ ಪಿಕಪ್ ಇಟ್ಟುಕೊಂಡವರಲ್ಲಿ ಎಷ್ಟೋ ಮಂದಿ ಇದನ್ನು ಮೆಚ್ಚಿ ಹಾಕಿಸುತ್ತಾರೆ. ಕಾರಣ ಸರಳ, ಅದು ಎಂಜಿನ್ನಿನಲ್ಲಿಲ್ಲ. ಡಾಡ್ಜ್ ರ‍್ಯಾಮ್ ಪಿಕಪ್ಪಿಗೆ 1989ರ ಮಾಡೆಲ್ಲಿನಿಂದ ಬಂದದ್ದು 5.9 ಲೀಟರಿನ ಕಮಿನ್ಸ್ ಬಿ ಎಂಜಿನ್. ಅದೇ ಬಿ ಸರಣಿಯ ಎಂಜಿನ್ನು 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್ ಕಂಪನಿಯ ಜಮ್ಶೆಡ್‌ಪುರದ ಕಾರ್ಖಾನೆಯಿಂದ ನಮ್ಮ ಲಾರಿಗಳಿಗೂ ಬಂತು. ಒಂದೇ ವಂಶದ ಎಂಜಿನ್, ಬಾಳು ಮಾತ್ರ ಬೇರೆ. ಅಲ್ಲಿ ಭಾನುವಾರ ಮನೆಮುಂದೆ ಗಾಡಿ ನಿಲ್ಲಿಸಿ 10–11 ಲೀಟರ್ ಆಯಿಲ್ ಇಳಿಸುವವನು ಮಾಲೀಕನೇ. ದುಡ್ಡು ಕೊಡುವವನೂ ಅವನೇ, ಕೈ ಸುಟ್ಟುಕೊಳ್ಳುವವನೂ ಅವನೇ. ನಮ್ಮಲ್ಲಿ ದುಡ್ಡು ಕೊಡುವವರು ಮಾಲೀಕರು, ಅಡಿಯಲ್ಲಿ ಮಲಗುವವನು ಕ್ಲೀನರ್ ಅಥವಾ ಗ್ಯಾರೇಜಿನ ಹುಡುಗ. ‘ಇದರಿಂದ ನನಗೇನು ಉಳಿತಾಯ?’ ಎಂದು ಮಾಲೀಕರು ಕೇಳಿದಾಗ ವಾಲ್ವು ಸೋಲುತ್ತದೆ, ಏಕೆಂದರೆ ಉಳಿಯುವುದು ಅವರ ಕೈಯಲ್ಲ. ಬಳಸಿದ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿನ ಅಪಾಯವಿದೆ ಎಂದು ಗೊತ್ತಿದ್ದೂ ಆ ಕೈ ನಮ್ಮ ಲೆಕ್ಕಪುಸ್ತಕಕ್ಕೆ ಬಂದಿಲ್ಲ. ನಾನು ಈ ವಾಲ್ವನ್ನು ತೂಗುವುದು ಆ ಕೈ ಇಟ್ಟುಕೊಂಡೇ. ಆ ತೂಕದಲ್ಲಿ ಇದು ಒಳ್ಳೆಯ ಸಾಮಾನು.

ಚೇಂಬರಿಗೂ ಇದು ಒಳ್ಳೆಯದೇ. ಪ್ರತಿ ಸಲ ಬಿಚ್ಚಿ ಬಿಗಿಯುವ ಬೋಲ್ಟನ್ನು ಯಾವನೋ ಒಬ್ಬ ಪಾನಾಕ್ಕೆ ಪೈಪ್ ತೊಡಿಸಿ ಬಿಗಿದಿರುತ್ತಾನೆ. ಮುಂದಿನ ಸಲ ಥ್ರೆಡ್ ಸುರುಳಿಯಾಗಿ ಬೋಲ್ಟಿನ ಜೊತೆಗೇ ಬರುತ್ತದೆ. ವಾಲ್ವನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಆ ಥ್ರೆಡ್ಡಿನ ತಂಟೆಗೆ ಮತ್ತೆ ಹೋಗಬೇಕಿಲ್ಲ. ಸರಿಯಾಗಿ ಕೂರಿಸುವುದು ಎಂದರೆ ಇಷ್ಟು: ಕೊಳ್ಳುವ ಮೊದಲೇ ಹಳೆಯ ಬೋಲ್ಟಿನ ದಪ್ಪವನ್ನೂ ಪಿಚ್ಚನ್ನೂ ಗೇಜಿನಲ್ಲಿ ಅಳೆಯಬೇಕು. ಪಿಚ್ ಬೇರೆಯಾದರೂ ವಾಲ್ವು ಎರಡು ಸುತ್ತು ಒಳಗೆ ಹೋಗುತ್ತದೆ, ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಆಗ ಬಲ ಹಾಕಿದವನು ಚೇಂಬರನ್ನೇ ಕಳೆದುಕೊಳ್ಳುತ್ತಾನೆ. ಆಯಿಲ್ ಇಳಿದ ಮೇಲೆ ಚೇಂಬರಿನ ಮುಖವನ್ನು ಒರೆಸಿ ಬೆರಳಾಡಿಸಿ ನೋಡಬೇಕು. ಹಳೆಯ ತಾಮ್ರದ ವಾಷರ್ ಅಲ್ಲಿ ಅಂಟಿಕೊಂಡಿರುವುದು ಸಾಮಾನ್ಯ. ಕಪ್ಪು ಮಸಿಯಲ್ಲಿ ಅದು ಚೇಂಬರಿನದೇ ಭಾಗದಂತೆ ಕಾಣುತ್ತದೆ. ಅದರ ಮೇಲೆ ಹೊಸ ವಾಷರ್ ಕೂರಿಸಿದರೆ ಸೋರುವುದು ಖಂಡಿತ. ಉಗುರಿನಿಂದ ಕೆದಕಿ ನೋಡಿ. ಟೆಫ್ಲಾನ್ ಟೇಪ್ ಸುತ್ತುವ ಪ್ಲಂಬರ್ ಅಭ್ಯಾಸ ಇಲ್ಲಿ ಬೇಡವೇ ಬೇಡ. ಟೇಪಿನ ಚೂರು ಒಳಗೆ ಹೋದರೆ ಆಯಿಲ್ ಪಂಪಿನ ಜಾಲರಿಗೆ ಅಡರುತ್ತದೆ. ಕೊನೆಯವರೆಗೂ ಕೈಯಲ್ಲೇ ತಿರುಗಿಸಿ, ಪಾನಾವನ್ನು ವಾಲ್ವಿನ ಆರುಮೂಲೆಗೆ ಹಿಡಿದು ಹದವಾಗಿ ಬಿಗಿಯಬೇಕು. ಹಿತ್ತಾಳೆ ಮೆದು, ಉಕ್ಕಿನ ಬೋಲ್ಟಿಗೆ ಹಾಕುವ ಬಲವನ್ನು ಅದು ತಡೆಯದು. ಹಿಡಿ ತಾನಾಗಿ ತಿರುಗದಂತೆ ತಡೆಯುವ ಕ್ಲಿಪ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೊಮ್ಮೆ, ಒಂದು ಟ್ರಿಪ್ ಹೋಗಿ ಬಂದ ಮೇಲೊಮ್ಮೆ ಕೆಳಗೆ ಬೆರಳಿಟ್ಟು ನೋಡಬೇಕು.

ಇನ್ನು ದೋಷಗಳು. ವಾಲ್ವಿನ ಥ್ರೆಡ್ ಚೇಂಬರಿನೊಳಗೆ ತುಸು ಚಾಚಿಕೊಂಡರೆ ಅದರ ಬಾಯಿಗಿಂತ ಕೆಳಗಿನ ಆಯಿಲ್ ಇಳಿಯುವುದೇ ಇಲ್ಲ. ಉಳಿಯುವುದು ಸ್ವಲ್ಪವೇ, ಆದರೆ ಕೊಳೆ ಇರುವುದು ಅಲ್ಲೇ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಮಾತು ಇನ್ನೊಂದಿದೆ. ಬೋಲ್ಟ್ ತೆಗೆದಾಗ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಮ್ಯಾಗ್ನೆಟ್ ಇರುವ ಬೋಲ್ಟಾದರೆ ಅದಕ್ಕೆ ಅಂಟಿದ ಕಬ್ಬಿಣದ ಪುಡಿ ಎಂಜಿನ್ನಿನ ಆರೋಗ್ಯ ಹೇಳುತ್ತದೆ: ನುಣ್ಣಗಿನ ಬೂದಿಯಂಥದ್ದು ಸಹಜ ಸವೆತ, ಬೆರಳಿಗೆ ಚುಚ್ಚುವ ಚಕ್ಕೆ ಬಂದರೆ ಒಳಗೆ ಏನೋ ಒಡೆಯುತ್ತಿದೆ. ಹಿತ್ತಾಳೆಯ ವಾಲ್ವು ಇದಾವುದನ್ನೂ ತೋರಿಸುವುದಿಲ್ಲ. ಅದರ ಬದಲು ಎರಡು ಚಮಚ ಆಯಿಲನ್ನು ಗಾಜಿನ ಶೀಶೆಗೆ ಹಿಡಿದು ನೋಡುವ ಅನುಕೂಲ ಕೊಡುತ್ತದೆ. ದೊಡ್ಡ ಫ್ಲೀಟಿನವರಿಗೆ ಲ್ಯಾಬಿಗೆ ಸ್ಯಾಂಪಲ್ ಕಳಿಸಲು ಇದು ಒದಗುತ್ತದೆ. ನಮ್ಮಂಥವರು ಫಿಲ್ಟರನ್ನಾದರೂ ಕುಯ್ದು ನೋಡುವ ರೂಢಿ ಮಾಡಿಕೊಳ್ಳಬೇಕು.

ಕಲ್ಲಿನ ಭಯ ಎಲ್ಲಕ್ಕಿಂತ ದೊಡ್ಡದು. ಬೋಲ್ಟಿನ ತಲೆ ಚೇಂಬರಿಗೆ ಅಂಟಿ ಕೂತಿರುತ್ತದೆ, ವಾಲ್ವು ಎರಡು ಬೆರಳು ಕೆಳಗೆ ಇಳಿಬಿದ್ದಿರುತ್ತದೆ. ಹೆದ್ದಾರಿ ಲಾರಿಯಲ್ಲಿ ಹಿಡಿಯನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಏನೂ ಆಗದು, ನಮ್ಮದಕ್ಕೆ ಆಗಿಲ್ಲ. ಟಿಪ್ಪರಿನದು ಬೇರೆ ಕಥೆ. ಕ್ವಾರಿಯಿಂದ ಬಂದ ಗಾಡಿಯ ಅಡಿಗೆ ಒಂದು ದಿನ ಟಾರ್ಚ್ ಹಿಡಿದು ನೋಡಿದರೆ ನಿಪ್ಪಲ್ ಸೊಟ್ಟಗಾಗಿತ್ತು, ಕ್ಲಿಪ್ ಇರಲೇ ಇಲ್ಲ. ಹಿಡಿ ಸ್ಪ್ರಿಂಗಿನ ಬಲದ ಮೇಲಷ್ಟೇ ಕಚ್ಚಿನಲ್ಲಿ ನಿಂತಿತ್ತು. ಇನ್ನೊಂದು ಕಲ್ಲು ಬಡಿದು ವಾಲ್ವೇ ಮುರಿದಿದ್ದರೆ ಡ್ರೈವರ್ ಮೀಟರ್ ನೋಡುವ ಹೊತ್ತಿಗೆ ಬೇರಿಂಗ್ ಹಿಡಿದುಹೋಗುತ್ತಿತ್ತು. ಜಲ್ಲಿ, ಅದಿರು, ಮರಳಿನ ಗಾಡಿಗಳಿಗೆ ಕೆಳಗೆ ಗಟ್ಟಿ ತಗಡಿನ ಗಾರ್ಡ್ ಇಲ್ಲದೆ ಇದನ್ನು ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜನರೇಟರ್ ಸೆಟ್ಟಿನಂಥ ನಿಂತ ಎಂಜಿನ್ನಿಗಾದರೆ ಎರಡು ಮಾತೇ ಇಲ್ಲ, ಹಾಕಬೇಕು.

ಇಳಿಸಿದ ಆಯಿಲಿನ ವಿಚಾರದಲ್ಲೂ ಪೈಪ್ ಇರುವ ವಾಲ್ವಿಗೆ ನನ್ನ ಮತ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ನಮ್ಮೂರ ಗ್ಯಾರೇಜುಗಳ ಮುಂದಿನ ನೆಲ ಅಂಗೈ ಆಳದವರೆಗೂ ಕಪ್ಪು. ಉಳಿದದ್ದು ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ. ಈರುಳ್ಳಿ ಲಾರಿಯ ಆಯಿಲ್ ಈಗ ನೆಲ ಮುಟ್ಟದೆ ಕ್ಯಾನ್ ಸೇರುತ್ತದೆ, ಪರವಾನಗಿ ಇರುವವರು ಬಂದು ಒಯ್ಯುತ್ತಾರೆ.

ಟಿಪ್ಪರಿಗೆ ಮತ್ತೆ ಬೋಲ್ಟನ್ನೇ ಹಾಕಿದ್ದೇನೆ, ಮ್ಯಾಗ್ನೆಟ್ ತುದಿಯದ್ದು. ಅದರ ಆಯಿಲ್ ಇಳಿಸುವ ದಿನ ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು, ಮೊಣಕೈವರೆಗಿನ ಗ್ಲೌಸ್ ಹಾಕಿಕೊಂಡ ಮೇಲೆಯೇ ಹುಡುಗ ಅಡಿಗೆ ಹೋಗುತ್ತಾನೆ. ಆ ಗ್ಲೌಸಿನ ದುಡ್ಡನ್ನು ಮಾಲೀಕರ ಬಿಲ್ಲಿನಲ್ಲೇ ಬರೆಯುತ್ತೇನೆ.