ಸೋತವನಿಗೆ ಎಷ್ಟು ಕೊಟ್ಟರು?

ಜೇಜುರಿಯಲ್ಲಿ ದಸರೆಯ ಹೊತ್ತಿಗೆ ಖಂಡೋಬನ ಖಡ್ಗ ಎತ್ತುವ ಪೈಪೋಟಿ ನಡೆಯುತ್ತದೆ. ಸುಮಾರು 42 ಕಿಲೋ ತೂಕದ ಕತ್ತಿ. ಒಂದೇ ಕೈಯಲ್ಲಿ ಹೆಚ್ಚು ಹೊತ್ತು ಹಿಡಿದವನು ಗೆದ್ದ. ಹಲ್ಲಿನಲ್ಲಿ ಕಚ್ಚಿ ಎತ್ತುವವರೂ ಇದ್ದಾರೆ. ಪುಣೆಯಿಂದ ನನ್ನ ಜೊತೆ ಬಂದಿದ್ದ ಕಾಕಾ ಅದನ್ನು ಮೆಚ್ಚಿಕೊಂಡೇ ನೋಡಿದರು. ಆಮೇಲೆ, "ಚಲೋ ಐತಿ. ಆದರ ಇದರಾಗ ಜೋಡಿ ಹುಡುಕೂ ತ್ರಾಸಿಲ್ಲ ನೋಡು" ಅಂದರು.

ಕಾಕಾ ಹರೆಯದಲ್ಲಿ ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಆಡಿದವರು. ಅವರ ಮಾತಿನ ಅರ್ಥ ಇಷ್ಟು: ಕತ್ತಿಯ ತೂಕ ಎಲ್ಲರಿಗೂ ಒಂದೇ, ಯಾರೂ ಅದನ್ನು ಆರಿಸಿಕೊಳ್ಳಬೇಕಿಲ್ಲ. ಕುಸ್ತಿಯಲ್ಲಿ ಎದುರಾಳಿಯನ್ನು ಒಪ್ಪುವಾಗಲೇ ಅರ್ಧ ಪಂದ್ಯ ಮುಗಿದಿರುತ್ತದೆ. ಮೈಸೂರು ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ' ಕಾರ್ಯಕ್ರಮವನ್ನೇ ಪ್ರತ್ಯೇಕವಾಗಿ ಮಾಡುತ್ತಾರೆ. ಹಳ್ಳಿಯ ಜಾತ್ರೆಯಲ್ಲಾದರೆ ಪೈಲ್ವಾನ ಅಖಾಡದಲ್ಲಿ ಒಂದು ಸುತ್ತು ಹಾಕುತ್ತಾನೆ, ಹಿರಿಯರು ಇಬ್ಬರ ಮೈಕಟ್ಟು ಕಣ್ಣಳತೆಯಲ್ಲೇ ನೋಡಿ ಕೈಗೆ ಕೈ ಕೊಡಿಸುತ್ತಾರೆ. ತೆಂಗಿನಕಾಯಿಯ ಕುಸ್ತಿಯಿಂದ ಶುರುವಾಗಿ ಇನಾಮು ಏರುತ್ತ ಹೋಗುತ್ತದೆ. ಕೈ ಕೊಡುವ ಆ ಗಳಿಗೆಯಲ್ಲಿ ಪೈಲ್ವಾನನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರುತ್ತದೆ. ಇನಾಮು ಎಷ್ಟು? ಅವನು ಎಷ್ಟು ಭಾರ? ಮಂಡಿ ಹೋದರೆ ಎಷ್ಟು ತಿಂಗಳು ಮನೆಯಲ್ಲಿ? ಅಷ್ಟು ದಿನದ ಹಾಲು, ತುಪ್ಪ, ಬಾದಾಮಿಯ ಖುರಾಕಿಗೆ ದುಡ್ಡು ಎಲ್ಲಿಂದ?

ಈ ಲೆಕ್ಕ ನಮ್ಮ ಸಿನಿಮಾಗಳಲ್ಲಿ ಯಾಕೆ ಕಾಣುವುದಿಲ್ಲ ಎಂಬುದು ನನ್ನ ತಕರಾರು.

ಜೇಜುರಿಗೆ ಹೋಗುವ ಹಿಂದಿನ ರಾತ್ರಿ ನಾವಿಬ್ಬರೂ 'ಪೈಲ್ವಾನ್' ನೋಡಿದ್ದೆವು. ಎಸ್. ಕೃಷ್ಣ ನಿರ್ದೇಶನದ, ಸುದೀಪ್ ನಟಿಸಿದ 2019ರ ಚಿತ್ರ. ಕುಸ್ತಿಯ ಅಖಾಡದಿಂದ ಬಾಕ್ಸಿಂಗ್ ರಿಂಗಿಗೆ ಹೋಗುವ ನಾಯಕನ ಕಥೆ ಕನ್ನಡದಲ್ಲಿ ಅಪರೂಪ. ಸುದೀಪ್ ದೇಹವನ್ನು ಪಳಗಿಸಿದ ಬಗೆಯಲ್ಲಿ ಶ್ರದ್ಧೆ ಇದೆ. ಗುರುವಾಗಿ ಸುನೀಲ್ ಶೆಟ್ಟಿಯ ನಿಲುವಿಗೆ ಘನತೆ ಇದೆ. ಆದರೆ ಎದುರಾಳಿಗಳು? ಅವರು ಬರುವುದು ದ್ವೇಷದಿಂದ ಇಲ್ಲವೇ ಅಹಂಕಾರದಿಂದ. ಹೀಗಾಗಿ ನಾಯಕ ಯಾರನ್ನೂ ಆರಿಸಿಕೊಳ್ಳುವುದಿಲ್ಲ. ಸವಾಲು ಬಂತು, ಎದ್ದ, ಗೆದ್ದ. ಒಂದು ಪಂದ್ಯ ಮುಗಿದಾಗ ಕಾಕಾ ಕೇಳಿದರು: "ಸೋತಾಂವಗ ಎಷ್ಟ ಕೊಟ್ರು?" ನನ್ನ ಬಳಿ ಉತ್ತರವಿರಲಿಲ್ಲ. ಚಿತ್ರದ ಬಳಿಯೂ ಇರಲಿಲ್ಲ.

ಈ ಪ್ರಶ್ನೆ ಸಣ್ಣದಲ್ಲ. ಕುಸ್ತಿಗೂ ಬಾಕ್ಸಿಂಗಿಗೂ ಇರುವ ದೊಡ್ಡ ವ್ಯತ್ಯಾಸ ಅದರಲ್ಲೇ ಇದೆ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಇನಾಮು ಮುಖ್ಯವಾಗಿ ಗೆದ್ದವನದು. ವೃತ್ತಿಪರ ಬಾಕ್ಸಿಂಗಿನಲ್ಲಿ ಸಂಭಾವನೆ ಸಾಮಾನ್ಯವಾಗಿ ಮೊದಲೇ ಕರಾರಾಗಿರುತ್ತದೆ. 1971ರ ಮಾರ್ಚ್ 8ರಂದು ಅಲಿ ಮತ್ತು ಫ್ರೇಸಿಯರ್ ಸೆಣಸಿದಾಗ ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಸೋತ ಅಲಿಗೂ ಅಷ್ಟೇ. ಸೋತವನು ಕಳೆದುಕೊಳ್ಳುವುದು ಮುಂದಿನ ಪಂದ್ಯಗಳ ಬೆಲೆಯನ್ನು. ಅದಕ್ಕೇ ಬಲಶಾಲಿಯಾಗಿದ್ದೂ ಹೆಸರಿಲ್ಲದ ಎದುರಾಳಿಯನ್ನು ಎಲ್ಲರೂ ತಪ್ಪಿಸುತ್ತಾರೆ. ಅವನೊಂದಿಗೆ ಆಡಿದರೆ ದುಡ್ಡು ಕಡಿಮೆ, ಪೆಟ್ಟು ಹೆಚ್ಚು. ಸುಲಭದವನೆಂದು ಎಣಿಸಿದವನೂ ಲೆಕ್ಕ ತಪ್ಪಿಸಬಹುದು. ಅಲ್ಲಿಯವರೆಗೆ ಒಂದೂ ಸೋಲದ ಟೈಸನ್‌ನನ್ನು 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಕೆಡವಿದ್ದು ಹಾಗೆ. ಅಖಾಡ ಬಿಟ್ಟು ರಿಂಗಿಗೆ ಬಂದವನು ಒಂದು ಲೆಕ್ಕ ಮರೆತು ಇನ್ನೊಂದನ್ನು ಕಲಿಯಬೇಕು. 'ಪೈಲ್ವಾನ್' ಕೈಯಲ್ಲೇ ಇದ್ದ ಈ ಕಥೆಯನ್ನು ಮುಟ್ಟುವುದೇ ಇಲ್ಲ.

ಮುಟ್ಟಿದವರಿದ್ದಾರೆ. ಕ್ಲಿಂಟ್ ಈಸ್ಟ್‌ವುಡ್‌ನ 'ಮಿಲಿಯನ್ ಡಾಲರ್ ಬೇಬಿ'ಯಲ್ಲಿ (2004) ತರಬೇತುದಾರ ಫ್ರ್ಯಾಂಕಿ ತನ್ನ ಒಳ್ಳೆಯ ಬಾಕ್ಸರನಿಗೆ ಪಟ್ಟದ ಪಂದ್ಯ ಕೊಡಿಸದೆ ಮುಂದೂಡುತ್ತಲೇ ಇರುತ್ತಾನೆ. ಹಿಂದೊಮ್ಮೆ ತನ್ನ ಕಣ್ಣೆದುರೇ ಗೆಳೆಯನ ಕಣ್ಣು ಹೋದದ್ದು ಅವನನ್ನು ಬಿಟ್ಟಿಲ್ಲ. ಕಾದು ಬೇಸತ್ತ ಹುಡುಗ ಬೇರೆಯವನ ಕಡೆ ಹೋಗಿ ಪಟ್ಟ ಗೆಲ್ಲುತ್ತಾನೆ. ಮ್ಯಾಗಿಯದು ಇದರ ತಿರುವು. ಅವಳು ಮೊದಲ ಸುತ್ತಿನಲ್ಲೇ ಕೆಡವುತ್ತಾಳೆಂದು ಯಾರೂ ಎದುರಾಗಲು ಒಪ್ಪುವುದಿಲ್ಲ. ಫ್ರ್ಯಾಂಕಿ ಕಿಸೆಯಿಂದ ದುಡ್ಡು ಕೊಟ್ಟು ಎದುರಾಳಿಗಳನ್ನು ತರುತ್ತಾನೆ. ಕೊನೆಗೆ ದೊಡ್ಡ ಪಂದ್ಯ, ದೊಡ್ಡ ಹಣ, ನಿಯಮ ಮುರಿಯುವ ಎದುರಾಳಿ. ಅಲ್ಲಿ ಆಗುವ ಅನಾಹುತ ನಮ್ಮನ್ನು ಅಲುಗಾಡಿಸುವುದು ಅದರ ಹಿಂದಿನ ಎಲ್ಲ ಆಯ್ಕೆಗಳನ್ನೂ ನಾವು ಕಂಡಿರುವುದರಿಂದ.

ಪಾ. ರಂಜಿತ್‌ರ ತಮಿಳು ಚಿತ್ರ 'ಸಾರ್ಪಟ್ಟ ಪರಂಬರೈ' (2021) ಹಣದ ಜಾಗದಲ್ಲಿ ಮಾನವನ್ನು ಇಟ್ಟಿದೆ. ಸೋತರೆ ನಮ್ಮ ಪರಂಪರೆ ಇನ್ನು ರಿಂಗಿಗೇ ಇಳಿಯುವುದಿಲ್ಲವೆಂದು ರಂಗನ್ ವಾದ್ಯಾರ್ ಪಣ ತೊಡುತ್ತಾರೆ. ವೇಂಬುಲಿಯ ಎದುರು ಯಾರನ್ನು ಇಳಿಸಬೇಕು ಎಂಬುದೇ ಚಿತ್ರದ ಮೊದಲ ಭಾಗದ ಬಿಸಿ. ಡ್ಯಾನ್ಸಿಂಗ್ ರೋಸ್‌ನನ್ನು ಮಣಿಸಿ ಕಬಿಲನ್ ಆ ಹಕ್ಕು ಗಳಿಸಬೇಕಾಗುತ್ತದೆ. ರೋಸ್ ಖಳನಾಯಕನಲ್ಲ. ಅವನ ಕಾಲಿನ ಆಟ ಕಬಿಲನ್‌ನಷ್ಟೇ ನಮಗೆ ನೆನಪಿರುತ್ತದೆ.

ನಮ್ಮ ಸಿನಿಮಾದವರು ಇದಕ್ಕೆ ಅಂಜಲು ಕಾರಣವಿದೆ. ಲೆಕ್ಕ ಹಾಕುವ ನಾಯಕ ಪುಕ್ಕಲನಂತೆ ಕಂಡಾನು ಎಂಬ ಭಯ. ಇದು ತಪ್ಪು ಎಂದು ನನಗೆ ಗೊತ್ತಿರುವುದು ಕಾಕಾನಿಂದ. "ಇನಾಮ ನೋಡಿ ಕೈ ಕೊಡಬಾರದಪಾ, ಮೊದಲ ಅವನ ಕುತ್ತಗಿ ನೋಡಬೇಕು" ಎನ್ನುತ್ತಿದ್ದವರು ಒಂದು ವರ್ಷ ತಮಗಿಂತ ಭಾರದ, ತಮಗಿಂತ ಎಳೆಯ ಪೈಲ್ವಾನನಿಗೆ ಕೈ ಕೊಟ್ಟರು. ಭುಜ ಹೋಯಿತು, ಅದೇ ಕೊನೆಯ ಕುಸ್ತಿ. ಅಹಂಕಾರಕ್ಕೆ ಆಡಿದರು ಎಂದೇ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಜೇಜುರಿಯ ಮೆಟ್ಟಿಲು ಇಳಿಯುವಾಗ ಕೇಳಿದೆ. ಆ ವರ್ಷ ಅತ್ತೆಯ ಮದುವೆಯ ಸಾಲವಿತ್ತಂತೆ. "ಕುತ್ತಗಿ ನೋಡಿದ್ದೆ. ಸಾಲ ಅದಕ್ಕಿಂತ ದಪ್ಪ ಇತ್ತು" ಅಂದರು.

ಅವರು ಲೆಕ್ಕ ಹಾಕಿಯೇ ಕೈ ಕೊಟ್ಟಿದ್ದರು. ಇದರಲ್ಲಿರುವ ಧೈರ್ಯ, ಏನನ್ನೂ ಎಣಿಸದೆ ಎದ್ದು ನಿಲ್ಲುವ ನಾಯಕನ ಧೈರ್ಯಕ್ಕಿಂತ ಕಷ್ಟದ್ದು. ಅದು ತೆರೆಗೆ ಬರಬೇಕಾದರೆ ಕಥೆಗಾರನಿಗೆ ಇನಾಮಿನ ಮೊತ್ತವೂ ಮನೆಯ ಸಾಲವೂ ಎದುರಾಳಿಯ ಹೆಸರೂ ಗೊತ್ತಿರಬೇಕು.

ನಮ್ಮ ಮೈಲಾರಲಿಂಗನೇ ಜೇಜುರಿಯಲ್ಲಿ ಖಂಡೋಬ. ಭಂಡಾರ ತೂರುತ್ತ ಭಕ್ತರು ಕೂಗುವ 'ಯಳಕೋಟ'ದಲ್ಲಿ ನಮ್ಮ 'ಏಳು ಕೋಟಿ' ಕೇಳಿಸುತ್ತದೆ. ದೇವರ ಇನ್ನೊಂದು ಹೆಸರು ಮಲ್ಹಾರಿ, ಮಲ್ಲನೆಂಬ ದೈತ್ಯನ ಅರಿ. ಸೋತವನ ಹೆಸರು ಗೆದ್ದವನ ಹೆಸರಿನೊಳಗೇ ಉಳಿದಿದೆ. 'ಪೈಲ್ವಾನ್'ನಲ್ಲಿ ಸೋತವರ ಹೆಸರು ಹೇಳು ಎಂದರೆ ಅದನ್ನು ಎರಡು ಸಲ ನೋಡಿದ ನಾನೂ ತಡವರಿಸುತ್ತೇನೆ.