ಒಂದು ಬಟನ್ ಒತ್ತಿದ್ರೆ ನಾಲ್ಕು ಜನ

ಆನ್‌ಲೈನ್ ಆಟಗಳ ಬಗ್ಗೆ ನಮ್ಮಲ್ಲಿ ಎರಡೇ ಥರದ ಮಾತು ಕೇಳಿಬರುತ್ತೆ. ಒಂದು, ಇದೆಲ್ಲ ಚಟ, ಕಣ್ಣೂ ಹಾಳು ಕೆಲಸಾನೂ ಹಾಳು ಅನ್ನೋದು. ಇನ್ನೊಂದು, ಇದರಲ್ಲಿ ಎಷ್ಟು ಕೋಟಿ ದುಡ್ಡಿದೆ, ಇ-ಸ್ಪೋರ್ಟ್ಸ್‌ನಲ್ಲಿ ಎಷ್ಟು ಬಹುಮಾನ ಅನ್ನೋದು. ಆಟ ಹೇಗಿದೆ, ಅದರೊಳಗೆ ಜನ ಹೇಗೆ ಬಾಳ್ತಾರೆ ಅಂತ, ಒಂದು ಸಿನಿಮಾ ನೋಡಿ ಬಂದು ಕಾಫಿ ಕುಡೀತಾ ಮಾತಾಡ್ತೀವಲ್ಲ, ಹಾಗೆ ಮಾತಾಡೋರು ಬಹಳ ಕಡಿಮೆ. 2007ರಿಂದ ಇವನ್ನ ಆಡ್ತಾ ಬಂದಿರೋ ನನಗೆ ಇದೊಂದು ಹಳೇ ಕೊರಗು. ಈ ಸಲ ಅದನ್ನೇ ಮಾತಾಡೋಣ.

ಯಾವ ಆಟ ಅಂತ ಮೊದಲೇ ಹೇಳಿಬಿಡ್ತೀನಿ. ಪಬ್‌ಜಿ ಥರ ಅರ್ಧ ಗಂಟೆಯಲ್ಲಿ ಮುಗಿಯೋದಲ್ಲ. ಎಂಎಂಒಆರ್‌ಪಿಜಿ ಅಂತಾರೆ. ಸಾವಿರಾರು ಜನ ಒಂದೇ ಲೋಕದಲ್ಲಿ, ತಮ್ಮದೇ ಒಂದು ಪಾತ್ರ ಮಾಡಿಕೊಂಡು, ವರ್ಷಗಟ್ಟಲೆ ಆಡೋ ಆಟ. ನೀವು ಲಾಗ್ ಔಟ್ ಮಾಡಿ ಮಲಗಿದ್ರೂ ಆ ಲೋಕ ನಡೀತಾನೇ ಇರುತ್ತೆ. ಇದರ ಅಜ್ಜ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅನ್ನೋ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ ಮಡ್ ಅನ್ನೋ ಆಟ. ಚಿತ್ರವೇ ಇಲ್ಲ, ಬರೀ ಅಕ್ಷರ. ಆಮೇಲೆ 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್, 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಈ ಕೊನೆಯದಕ್ಕೆ 2010ರಲ್ಲಿ 1.2 ಕೋಟಿ ಜನ ದುಡ್ಡು ಕೊಟ್ಟು ಚಂದಾದಾರರಾಗಿದ್ರು. ನಾನು ಬಹುಪಾಲು ಆಡಿದ್ದೂ ಅದನ್ನೇ, ಹಾಗಾಗಿ ಮುಖ್ಯವಾಗಿ ಅದರ ಮೇಲೇ ಮಾತಾಡ್ತೀನಿ.

ನನ್ನ ತಕರಾರು ಇಷ್ಟು: ಈ ಆಟಗಳು ವರ್ಷದಿಂದ ವರ್ಷಕ್ಕೆ ಆಟವಾಗಿ ಚೆನ್ನಾಗಿ ಆಗ್ತಾ ಬಂದ್ವು, ಊರಾಗಿ ಹಾಳಾಗ್ತಾ ಬಂದ್ವು. ಮತ್ತೆ ಇವೆರಡೂ ಒಂದೇ ಕಾರಣಕ್ಕೆ ಆಯ್ತು.

ಹಳೇ ಬೆಂಗಳೂರಿನ, ಮೈಸೂರಿನ ವಠಾರಗಳನ್ನ ನೆನಪಿಸಿಕೊಳ್ಳಿ. ಹತ್ತು ಮನೆಗೆ ಒಂದೇ ನಲ್ಲಿ. ನೀರು ಬರೋ ಹೊತ್ತಿಗೆ ಜಗಳ, ಜಗಳದಲ್ಲೇ ಪರಿಚಯ. ಸಕ್ಕರೆ ಸಾಲ, ಮಗು ನೋಡ್ಕೊಳ್ಳಿ ಒಂದ್ನಿಮಿಷ, ಹೀಗೆ. ಈಗಿನ ಅಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಇಪ್ಪತ್ನಾಲ್ಕು ಗಂಟೆ ನೀರಿದೆ, ಸಕ್ಕರೆ ಹತ್ತು ನಿಮಿಷದಲ್ಲಿ ಆ್ಯಪಲ್ಲಿ ಬರುತ್ತೆ, ಎದುರುಮನೆಯವರ ಹೆಸರು ಮಾತ್ರ ಗೊತ್ತಿಲ್ಲ. ಯಾರೂ ಕೆಟ್ಟವರಾಗಿದ್ದಲ್ಲ. ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟೋ ಕಾರಣ ಹೋಯ್ತು, ಅಷ್ಟೆ.

ಹಳೇ ವಾರ್‌ಕ್ರಾಫ್ಟ್ ಅಪ್ಪಟ ವಠಾರ. ನಲ್ಲಿ ಕೂಡ ಇತ್ತು ನೋಡಿ. ನಾನು ಆಡ್ತಿದ್ದಿದ್ದು ಪ್ರೀಸ್ಟ್, ಅಂದ್ರೆ ಗುಂಪಿನಲ್ಲಿ ಪೆಟ್ಟು ತಿಂದವರನ್ನ ವಾಸಿ ಮಾಡೋ ಹೀಲರ್. ಮಂತ್ರ ಹಾಕಿ ಹಾಕಿ ಶಕ್ತಿ ಖಾಲಿಯಾದ್ರೆ ಕೂತು ನೀರು ಕುಡೀಬೇಕು. ಆ ನೀರನ್ನ ಪುಕ್ಕಟೆಯಾಗಿ ಸೃಷ್ಟಿ ಮಾಡಿ ಕೊಡೋಕೆ ಆಗ್ತಿದ್ದಿದ್ದು ಮೇಜ್‌ಗಳಿಗೆ ಮಾತ್ರ. ಹಾಗಾಗಿ ದಿನಾ ಯಾವನಾದ್ರೂ ಮೇಜ್ ಹತ್ರ ಹೋಗಿ "ಗುರೂ, ಸ್ವಲ್ಪ ನೀರು" ಅನ್ನಲೇಬೇಕು. ಡಂಜನ್ ಅನ್ನೋ ಗುಹೆಗೆ ಹೋಗೋಕೆ ಐದು ಜನ ಬೇಕು: ಎದುರಿಗೆ ನಿಂತು ಪೆಟ್ಟು ತಿನ್ನೋಕೆ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಹೊಡೆಯೋಕೆ ಮೂವರು. ಈ ಐವರನ್ನ ಸೇರಿಸೋದೇ ಒಂದು ಕೆಲಸ. ನಗರದ ಚಾಟ್‌ನಲ್ಲಿ ಸಂತೇಲಿ ಕೂಗಿದ ಹಾಗೆ ಕೂಗಬೇಕು, ಸಿಕ್ಕವರು ಅಲ್ಲಿಂದ ನಡ್ಕೊಂಡೋ ಹಾರ್ಕೊಂಡೋ ಗುಹೆ ಬಾಗಿಲಿಗೆ ಬರಬೇಕು. ಆ ಕಾಯೋ ಹೊತ್ತಲ್ಲಿ ಮಾಡೋದೇನು? ಮಾತು.

ಒಂದು ಸರ್ವರ್ ಅಂದ್ರೆ ಕೆಲವು ಸಾವಿರ ಜನ. ಹಾಗಾಗಿ ಹೆಸರಿಗೆ ಬೆಲೆ ಇತ್ತು. ಗುಂಪಿಗೆ ಬಂದ ಒಳ್ಳೇ ಕತ್ತಿಯನ್ನ ಹಂಚಿಕೊಳ್ಳದೆ ಎತ್ಕೊಂಡು ಓಡಿದವನ ಹೆಸರು ಮಾರನೇ ದಿನ ಊರಿಗೆಲ್ಲ ಗೊತ್ತು, ಅವನನ್ನ ಯಾರೂ ಕರೆಯೋಲ್ಲ. ತಾಳ್ಮೆಯ ಟ್ಯಾಂಕ್ ಒಬ್ಬನಿದ್ದ ಅಂದ್ರೆ ಅವನ ಹೆಸರೂ ಗೊತ್ತು. ಪೊಲೀಸ್ ಇಲ್ಲ, ರೇಟಿಂಗ್ ಇಲ್ಲ. ನಾಳೆ ಮತ್ತೆ ಇದೇ ಮುಖ ನೋಡಬೇಕು ಅನ್ನೋ ಒಂದು ಅಳುಕು ಅಷ್ಟು ಕೆಲಸ ಮಾಡ್ತಿತ್ತು.

ನಮ್ಮ ಗಿಲ್ಡ್ ಇದ್ದಿದ್ದು ಯುರೋಪಿನ ಸರ್ವರಲ್ಲಿ. ಅವರ ರಾತ್ರಿ ಎಂಟಕ್ಕೆ ರೈಡ್ ಶುರು ಅಂದ್ರೆ ಚಳಿಗಾಲದಲ್ಲಿ ನನಗೆ ಹನ್ನೆರಡೂವರೆ. ಇಪ್ಪತ್ತೈದು ಜನ ಸೇರಿ ದೊಡ್ಡ ರಾಕ್ಷಸನನ್ನ ಹೊಡೆಯೋ ಹೊತ್ತಿಗೆ ಸರಿಯಾಗಿ ನಮ್ಮ ಏರಿಯಾದಲ್ಲಿ ಕರೆಂಟ್ ಹೋಗೋದು. ಯುಪಿಎಸ್ ಕೀಂಯ್ ಅನ್ನೋಕೆ ಶುರುವಾದ ಕೂಡಲೇ ನಾನು ಚಾಟ್‌ನಲ್ಲಿ "ಕರೆಂಟ್ ಹೋಯ್ತು" ಅಂತ ಟೈಪ್ ಮಾಡ್ತಿದ್ದೆ, ಅಭ್ಯಾಸಬಲ. ಕೆಲವು ತಿಂಗಳಲ್ಲಿ ಫಿನ್‌ಲೆಂಡಿನ ಟ್ಯಾಂಕ್, ಪೋರ್ಚುಗಲ್‌ನ ಮೇಜ್ ಎಲ್ಲರೂ ತಮ್ಮ ನೆಟ್ ಕಡಿದಾಗ ಅದನ್ನೇ ಬರೆಯೋಕೆ ಶುರು ಮಾಡಿದ್ರು! ಇಪ್ಪತ್ತು ನಿಮಿಷ ಕಾಯ್ತಿದ್ರು ಮಾರಾಯ್ರೆ. ಪ್ರೀತಿ ಅಂತಲ್ಲ, ಆ ಹೊತ್ತಲ್ಲಿ ಬೇರೆ ಹೀಲರ್ ಸಿಗಲ್ಲ ಅಂತ. ಆದರೆ ಕಾದು ಕಾದು ಪ್ರೀತಿಯೂ ಬಂತು.

2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು. ಒಂದು ಬಟನ್ ಒತ್ತಿದ್ರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ನಾಲ್ಕು ಜನರನ್ನ ಹುಡುಕಿ ತಂದು, ಐವರನ್ನೂ ನೇರವಾಗಿ ಗುಹೆಯೊಳಗೇ ಇಳಿಸುತ್ತೆ. ಕೂಗೋದು ಬೇಡ, ನಡೆಯೋದು ಬೇಡ, ಕಾಯೋದು ಬೇಡ. ಎರಡು ವರ್ಷ ಬಿಟ್ಟು ದೊಡ್ಡ ರೈಡ್‌ಗೂ ಇದೇ ಥರದ ಬಟನ್ ಬಂತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇದು ದೊಡ್ಡ ಉಪಕಾರ. ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರೋನು, ಮಗು ಮಲಗಿಸಿ ಮುಕ್ಕಾಲು ಗಂಟೆ ಬಿಡುವು ಸಿಗೋಳು, ಗಿಲ್ಡ್‌ಗೆ ಸೇರೋಕೆ ಸಂಕೋಚ ಇರೋನು, ಇವರೆಲ್ಲ ಹಣ ಕೊಟ್ಟು ಕೊಂಡ ಆಟದ ಅರ್ಧಭಾಗ ನೋಡೋಕೇ ಆಗ್ತಿರಲಿಲ್ಲ. ಹಳೇ ವಠಾರವೂ ಸ್ವರ್ಗವೇನಲ್ಲ. ಗಿಲ್ಡ್‌ಗಳಲ್ಲಿ ಪಾಳೇಗಾರಿಕೆ ಇತ್ತು, ಹೆಣ್ಣು ದನಿ ಮೈಕಿನಲ್ಲಿ ಕೇಳಿದ ಕೂಡಲೇ ಅಸಹ್ಯದ ಮಾತಾಡೋ ಗಂಡಸರಿದ್ರು, ಎವರ್‌ಕ್ವೆಸ್ಟ್‌ನಲ್ಲಿ ಸತ್ತರೆ ಗಳಿಸಿದ ಸಾಮಾನೆಲ್ಲ ಹೆಣದ ಜೊತೆಗೇ ಬಿದ್ದಿರುತ್ತಿತ್ತು, ಬರಿಮೈಯಲ್ಲಿ ಹೋಗಿ ತಂದ್ಕೋಬೇಕು. ಅದನ್ನ "ಆಹಾ ಆ ಕಾಲ" ಅನ್ನೋ ಹಳಬರನ್ನ ಕಂಡ್ರೆ ನನಗೂ ಸಿಟ್ಟು.

ಆದರೂ ಬಟನ್ ಬಂದ ಮೇಲೆ ಆದದ್ದೇನು ನೋಡಿ. ಜೊತೆಗೆ ಬಂದ ನಾಲ್ವರನ್ನ ಮತ್ತೆ ಜನ್ಮದಲ್ಲಿ ನೋಡೋದಿಲ್ಲ ಅಂತ ಎಲ್ಲರಿಗೂ ಗೊತ್ತು. ನಮಸ್ಕಾರ ನಿಂತುಹೋಯ್ತು. ಹೊಸಬ ದಾರಿ ತಪ್ಪಿದ್ರೆ ಹೇಳಿಕೊಡೋ ಬದಲು ಓಟು ಹಾಕಿ ಹೊರಗೆ ಕಳಿಸೋದು ಸುಲಭ ಆಯ್ತು, ಮರುಕ್ಷಣ ಇನ್ನೊಬ್ಬ ಬರ್ತಾನೆ. ನನಗೆ ಕರೆಂಟ್ ಹೋಗಿ ಮೂರು ನಿಮಿಷಕ್ಕೆ ವಾಪಸ್ ಬಂದ್ರೆ ನನ್ನ ಜಾಗದಲ್ಲಿ ಬೇರೆ ಯಾರೋ ಇರ್ತಿದ್ರು. ತಪ್ಪೂ ಅನ್ನೋಕಾಗಲ್ಲ, ಅವರಿಗೆ ನಾನು ಯಾರು?

ಹೆಸರು ಹೋದ ಜಾಗಕ್ಕೆ ನಂಬರ್ ಬಂತು. ಸುಮಾರು ಅದೇ ಹೊತ್ತಿಗೆ ಗೇರ್‌ಸ್ಕೋರ್ ಅನ್ನೋ ಆ್ಯಡ್‌ಆನ್ ಜನಪ್ರಿಯ ಆಯ್ತು. ನೀವು ತೊಟ್ಟಿರೋ ಕವಚ, ಕತ್ತಿ ಎಲ್ಲ ಲೆಕ್ಕ ಹಾಕಿ ಒಂದು ಅಂಕಿ ಕೊಡುತ್ತೆ. "ಯಾರು ನೀನು, ಯಾವ ಗಿಲ್ಡು" ಅಂತ ಕೇಳ್ತಿದ್ದವರು "ಎಷ್ಟು?" ಅಂತ ಕೇಳೋಕೆ ಶುರು ಮಾಡಿದ್ರು. ಪರಿಚಯದ ಶೆಟ್ಟರು "ನಮ್ಮ ಹುಡುಗ, ಕೊಡಿ ಸಾಲ" ಅಂತ ಹೇಳ್ತಿದ್ದ ಕಾಲ ಹೋಗಿ ಸಿಬಿಲ್ ಸ್ಕೋರ್ ಬಂತಲ್ಲ, ಥೇಟ್ ಹಾಗೆ. ಸ್ಕೋರಿಗೆ ಪಕ್ಷಪಾತ ಇಲ್ಲ, ನಿಜ. ಆದರೆ ಕಷ್ಟದಲ್ಲಿ ಕಾಯೋನು ಯಾರು, ಕಿರುಚಾಡದೆ ಹೇಳಿಕೊಡೋನು ಯಾರು ಅನ್ನೋದು ಸ್ಕೋರಲ್ಲಿ ಕಾಣೋದಿಲ್ಲ.

ಹಾಗಾದ್ರೆ ಹಳೇದನ್ನ ವಾಪಸ್ ತಂದ್ರೆ ಆಯ್ತಲ್ಲ? ಅದನ್ನೂ ಮಾಡಿ ನೋಡಿದ್ರು. ಆಟಗಾರರು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ 2019ರ ಆಗಸ್ಟ್‌ನಲ್ಲಿ ಹಳೇ ಆಟವನ್ನೇ ಕ್ಲಾಸಿಕ್ ಅನ್ನೋ ಹೆಸರಲ್ಲಿ ಬಿಟ್ರು. ಮೊದಲ ವಾರಗಳು ಮಜವಾಗಿದ್ವು. ಒಂದೇ ರಾಕ್ಷಸನನ್ನ ಹೊಡೆಯೋಕೆ ಜನ ತಾವಾಗೇ ಕ್ಯೂ ನಿಂತ್ರು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಆದರೆ 2005ರಲ್ಲಿ ಆಟ ಬಿಡುಗಡೆಯಾಗಿ ಸುಮಾರು ಐದು ತಿಂಗಳಾದ ಮೇಲೆ ಮೊದಲ ಸಲ ಬಿದ್ದ ರ‍್ಯಾಗ್ನರೋಸ್ ಅನ್ನೋ ರಾಕ್ಷಸ, ಈ ಸಲ ಒಂದು ವಾರ ಕಳೆಯೋದ್ರೊಳಗೆ ಬಿದ್ದ. ಜನ ಸ್ಪ್ರೆಡ್‌ಶೀಟ್ ಹಿಡ್ಕೊಂಡೇ ಬಂದಿದ್ರು. ಸ್ವಲ್ಪ ದಿನಕ್ಕೆ ಜಿಡಿಕೆಪಿ ಅನ್ನೋ ರೈಡ್‌ಗಳು ಹಬ್ಬಿದ್ವು. ಸಿಕ್ಕ ಸಾಮಾನನ್ನ ಆಟದ ಚಿನ್ನಕ್ಕೆ ಹರಾಜು ಹಾಕೋದು, ಬಂದ ಚಿನ್ನ ಹಂಚಿಕೊಳ್ಳೋದು. ಆ ಚಿನ್ನವನ್ನ ನಿಯಮ ಮುರಿದು ನಿಜವಾದ ದುಡ್ಡಿಗೆ ಕೊಳ್ಳೋರು ಬೇರೆ. ಕೊನೆಗೆ 2024ರಲ್ಲಿ ಕ್ಲಾಸಿಕ್‌ನ ಒಂದು ಆವೃತ್ತಿಯಲ್ಲಿ ಕಂಪನಿಯೇ ಇದನ್ನ ನಿಷೇಧ ಮಾಡಬೇಕಾಯ್ತು. ವಠಾರ ಮತ್ತೆ ಕಟ್ಟಿದ್ರು ಸರಿ, ವಾಸಕ್ಕೆ ಬಂದ ನಾವು ಅಪಾರ್ಟ್‌ಮೆಂಟ್ ಜನ ಆಗಿಬಿಟ್ಟಿದ್ವಿ.

ಇನ್ನೊಂದು ದಾರಿ ತೋರಿಸಿದ್ದು ಜಪಾನಿನ ಫೈನಲ್ ಫ್ಯಾಂಟಸಿ 14. 2010ರಲ್ಲಿ ಬಂದು ನೆಲಕಚ್ಚಿ, ನಾವೊಕಿ ಯೋಶಿದಾ ಮುಂದಾಳತ್ವದಲ್ಲಿ 2013ರಲ್ಲಿ ಹೊಸದಾಗಿ ಎದ್ದು ನಿಂತ ಆಟ. ಅದರಲ್ಲೂ ಅಂಥದೇ ಬಟನ್ ಇದೆ. ಆದರೆ ಗುಂಪಿನಲ್ಲಿ ಆ ಗುಹೆಗೆ ಮೊದಲ ಸಲ ಬಂದವರಿದ್ರೆ ಆಟವೇ ಅದನ್ನ ತಿಳಿಸಿ, ಮುಗಿಸಿದ ಮೇಲೆ ಎಲ್ಲರಿಗೂ ಹೆಚ್ಚುವರಿ ಬಹುಮಾನ ಕೊಡುತ್ತೆ. ಅಂದ್ರೆ ಹೊಸಬ ಬಂದ ಅಂದ್ರೆ ಹಳಬರಿಗೆ ಖುಷಿ! ಕೊನೆಯಲ್ಲಿ ಚೆನ್ನಾಗಿ ನಡ್ಕೊಂಡ ಒಬ್ಬರಿಗೆ ಮೆಚ್ಚುಗೆ ಕೊಡಬಹುದು, ಜೊತೆಗೇ ಬಂದ ಸ್ವಂತ ಸ್ನೇಹಿತರಿಗೆ ಕೊಡೋ ಹಾಗಿಲ್ಲ. ಎಷ್ಟು ಸಣ್ಣ ಉಪಾಯ ನೋಡಿ. ಇಲ್ಲಿಯ ಜನ ಸಭ್ಯರು ಅಂತ ಹೆಸರು ಬರೋಕೆ ಇಂಥವೂ ಒಂದು ಕಾರಣ ಅಂತ ನನ್ನ ನಂಬಿಕೆ. ಆದರೆ ಅಲ್ಲೂ ಬಹಳ ಸಲ ಆಗೋದು ಇಷ್ಟೇ: ಹಲೋ, ಥ್ಯಾಂಕ್ಯೂ, ಬೈ. ಸಭ್ಯತೆಯನ್ನ ನಿಯಮ ಬರೆದು ತರಬಹುದು. ಸ್ನೇಹಕ್ಕೆ ಒಂದೇ ಮುಖ ನೂರು ಸಲ ನೋಡಬೇಕು.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು, ಆಟ ತಾನೆ ಅಂತೀರಾ? ನಾರ್ವೆಯಲ್ಲಿ ಮಾಟ್ಸ್ ಸ್ಟೇನ್ ಅನ್ನೋ ಹುಡುಗ ಇದ್ದ. ಡುಶೆನ್ ಅನ್ನೋ ಸ್ನಾಯುಗಳ ಕಾಯಿಲೆ, ಗಾಲಿಕುರ್ಚಿ, ದಿನದ ಬಹುಪಾಲು ಕಂಪ್ಯೂಟರ್ ಮುಂದೆ. 2014ರಲ್ಲಿ ತೀರಿಕೊಂಡಾಗ ಇಪ್ಪತ್ತೈದು ವರ್ಷ. ಪಾಪ ಮಗ ಒಂಟಿಯಾಗೇ ಬದುಕಿಬಿಟ್ಟ ಅಂತ ಅಪ್ಪ ಅಮ್ಮ ಅಂದ್ಕೊಂಡಿದ್ರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಗೊತ್ತಿಲ್ಲದ ದೇಶಗಳಿಂದ ಪತ್ರಗಳು ಬಂದ್ವು. ವಾರ್‌ಕ್ರಾಫ್ಟ್‌ನಲ್ಲಿ ಇಬೆಲಿನ್ ಅನ್ನೋ ಹೆಸರಿನ ಅವನು ಯಾರ್‍ಯಾರ ಕಷ್ಟಕ್ಕೆ ಕಿವಿಯಾಗಿದ್ದ ಅಂತ ಅವರು ಬರೆದಿದ್ರು. ಸ್ಟಾರ್‌ಲೈಟ್ ಅನ್ನೋ ಅವನ ಗಿಲ್ಡಿನ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದ್ರು. ಬೆಂಜಮಿನ್ ರೀ ಮಾಡಿರೋ ಸಾಕ್ಷ್ಯಚಿತ್ರ 2024ರಲ್ಲಿ ಬಂದಿದೆ, ನೋಡಿ.

ಆ ಚಿತ್ರ ನೋಡಿ ಅಳೋದು ಸುಲಭ. ನನಗೆ ಅದರಲ್ಲಿ ಕಂಡಿದ್ದು ಬೇರೆ. ಸ್ಟಾರ್‌ಲೈಟ್ ರೋಲ್‌ಪ್ಲೇ ಮಾಡೋ ಗಿಲ್ಡ್, ಅಂದ್ರೆ ಪಾತ್ರದೊಳಗೇ ಇದ್ದು ಮಾತಾಡೋರು. ಲೂಟಿಗಿಂತ ಒಟ್ಟಿಗೆ ಕೂತು ಹರಟೋದು ಅಲ್ಲಿ ಮುಖ್ಯ. ಡಂಜನ್ ಫೈಂಡರ್ ಬಂದ ಮೇಲೂ ಅವರ ಊರು ಹಾಳಾಗಲಿಲ್ಲ, ಯಾಕಂದ್ರೆ ಅವರಿಗೆ ಬೇಕಾಗಿದ್ದಿದ್ದು ಬಟನ್ ಒತ್ತಿದ್ರೆ ಸಿಗೋ ಸರಕೇ ಅಲ್ಲ. ಕಂಪನಿಗಳನ್ನ ಬೈಯೋ ನಮ್ಮಂಥ ಹಳಬರು ಗಮನಿಸಬೇಕಾದ್ದು ಇದು. ಬಟನ್ ಅವರು ಕೊಟ್ಟಿದ್ದು ಹೌದು. ಒತ್ತಿದ ಮೇಲೆ ಬಾಯಿ ಮುಚ್ಚಿಕೊಂಡು ಆಡಿ ಅಂತ ಯಾರೂ ಹೇಳಿರಲಿಲ್ಲ.

ಹಾಗಾಗಿ ಈಗ ಹೊಸ ಆಟ ಬಂದಾಗ ನಾನು ಗ್ರಾಫಿಕ್ಸ್ ನೋಡೋಲ್ಲ, ಎಷ್ಟು ಲೆವೆಲ್ ಅಂತಾನೂ ಕೇಳೋಲ್ಲ. ಒಂದು ತಿಂಗಳು ಆಡಿ, ಆ ತಿಂಗಳಲ್ಲಿ ಎಷ್ಟು ಜನರ ಹೆಸರು ನೆನಪಿದೆ ಅಂತ ಎಣಿಸ್ತೀನಿ. ಸೊನ್ನೆ ಅಂದ್ರೆ ಚಂದಾ ಬಂದ್. ಶುರು ಮಾಡೋರಿಗೂ ಇಷ್ಟೇ ಹೇಳೋದು: ಒಂದು ಸಣ್ಣ ಗಿಲ್ಡ್ ಹಿಡೀರಿ, ವಾರಕ್ಕೆ ಎರಡೇ ದಿನ ಆಡಿದ್ರೂ ಅದೇ ಎರಡು ದಿನ, ಅದೇ ಹೊತ್ತಿಗೆ ಆಡಿ. ನೆಟ್ ಹೋದವನು ವಾಪಸ್ ಬರೋವರೆಗೆ ಐದು ನಿಮಿಷ ಕಾಯಿರಿ. ನಮ್ಮ ಆ ಫಿನ್‌ಲೆಂಡಿನ ಟ್ಯಾಂಕ್ ಆಟ ಬಿಟ್ಟು ಎಷ್ಟೋ ವರ್ಷ ಆಯ್ತು. ಅವನ ಮಗಳು ಈಗ ಶಾಲೆಗೆ ಹೋಗ್ತಿದ್ದಾಳೆ ಅನ್ನೋದು ಮಾತ್ರ ನನಗೆ ಗೊತ್ತು.